ಇಗರ್ಜಿಯ ಅಂಗಳದಿಂದ ಆಗಸಕ್ಕೆ

ತಿರುವನಂತಪುರ ಪಟ್ಟಣವನ್ನು ಬಿಟ್ಟು, ಅರಬ್ಬೀ ಸಮುದ್ರವನ್ನು ಎಡಕ್ಕಿಟ್ಟುಕೊಂಡು ಉತ್ತರದತ್ತ ಹೊರಟ ಪ್ರವಾಸಿಗೆ ಹದಿನೈದು ಕಿಲೋಮೀಟರು ಕಳೆಯುವುದರೊಳಗಾಗಿ ತುಂಬಾ ಎಂಬ ಊರು ಎದುರಾಗುತ್ತದೆ. ವೇಳಿಯ ಹಿನ್ನೀರು, ಅದರಾಚೆ ತೆಂಗಿನ ತೋಪು, ತೋಪಿನಾಚೆ ಬಿಸಿಲಿಗೆ ಹೊಳೆಯುವ ಮರಳು, ಮರಳಿನಾಚೆ ದಣಿವರಿಯದ ಕಡಲು. ಕೇರಳದ ಕರಾವಳಿಯಲ್ಲಿ ಇಂತಹ ಊರುಗಳಿಗೆ ಬರವಿಲ್ಲ. ಈ ಊರಿಗೆ ಹೆಸರು ಬಂದುದು ತುಂಬೆಯ ಗಿಡದಿಂದ ಎಂದು ಹೇಳುತ್ತಾರೆ. ಕನ್ನಡ ನಾಡಿನ ಬೇಲಿಗಳ ಬದಿಯಲ್ಲಿ, ಹೊಲದ ಬದುಗಳ ಮೇಲೆ ಯಾರೂ ಬಿತ್ತದೆ ಬೆಳೆದು ಶಿವಪೂಜೆಯ ಹರಿವಾಣವನ್ನು ಸೇರುವ ಪುಟ್ಟ ಬಿಳಿಯ ಹೂವೇ ಅದು. ನೆಗಡಿಯಾದ ಮಗುವಿಗೆ ಅಜ್ಜಿಯರು ರಸ ಹಿಂಡಿ ಕೊಡುವುದು ಆ ಗಿಡದ ಎಲೆಗಳಿಂದಲೇ.

ಹೂವಿನಷ್ಟೇ ಸಾಧುವಾದ ಈ ಮೀನುಗಾರರ ಊರಿನಿಂದ 1963ನೆಯ ಇಸವಿ ನವೆಂಬರ್ 21ರ ಸಂಜೆ ಭಾರತದ ನೆಲದಿಂದ ಅಂತರಿಕ್ಷದೆಡೆಗೆ ಮೊದಲ ರಾಕೆಟ್ಟು ಹಾರಿತು. ಅದನ್ನು ಹಾರಿಸಿದ ತರುಣ ಇಂಜಿನಿಯರುಗಳಲ್ಲಿ ಒಬ್ಬರು ಮುಂದೆ ರಾಷ್ಟ್ರಪತಿಗಳಾದರು. ಇನ್ನು ಕೆಲವರು ದೊಡ್ಡ ದೊಡ್ಡ ಸಂಸ್ಥೆಗಳನ್ನು ನಡೆಸಿದರು. ಅವರ ಹೆಸರುಗಳು ಪುಸ್ತಕಗಳಲ್ಲಿ ದೊರೆಯುತ್ತವೆ. ಆದರೆ ರಾಕೆಟ್ಟು ನೆಲ ಬಿಟ್ಟು ಏಳುವ ಮೊದಲು ಆ ನೆಲವನ್ನು ಬಿಟ್ಟು ಎದ್ದವರು ಬೇರೆಯವರು. ತುಂಬಾದ ಕಥೆ ಈ ಇಬ್ಬರದೂ ಹೌದು.

ಮುಳ್ಳು ಮಲಗುವ ನೆಲ

ಇಷ್ಟೆಲ್ಲ ಊರುಗಳಿರುವಾಗ ವಿಜ್ಞಾನಿಗಳ ಕಣ್ಣು ಈ ಊರಿನ ಮೇಲೆಯೇ ಏಕೆ ಬಿತ್ತು? ಕಾರಣ ಭೂಮಿಯ ಅಯಸ್ಕಾಂತ ಗುಣದಲ್ಲಿದೆ. ಶಾಲೆಯ ಭೂಪಟದಲ್ಲಿ ಕಾಣುವ ಸಮಭಾಜಕ ವೃತ್ತವಲ್ಲದೆ ಭೂಮಿಗೆ ಇನ್ನೊಂದು ಸಮಭಾಜಕವುಂಟು. ಅದು ಅಯಸ್ಕಾಂತದ ಸಮಭಾಜಕ. ಮೇಲಕ್ಕೂ ಕೆಳಕ್ಕೂ ವಾಲಬಲ್ಲಂತೆ ತೂಗುಹಾಕಿದ ಕಾಂತದ ಮುಳ್ಳೊಂದನ್ನು ಉತ್ತರ ದೇಶಗಳಿಗೆ ಒಯ್ದರೆ ಅದರ ಒಂದು ತುದಿ ನೆಲದತ್ತ ಬಾಗುತ್ತದೆ. ಕಾಂತಧ್ರುವದ ಬಳಿ ಅದು ನೆಟ್ಟಗೆ ನಿಂತುಬಿಡುತ್ತದೆ. ದಕ್ಷಿಣಕ್ಕೆ ಬರುತ್ತ ಬರುತ್ತ ಬಾಗು ಕಡಿಮೆಯಾಗಿ, ಅಯಸ್ಕಾಂತದ ಸಮಭಾಜಕದ ಮೇಲೆ ತಕ್ಕಡಿಯ ದಂಡದಂತೆ ಸಮನಾಗಿ ಮಲಗುತ್ತದೆ. ಈ ರೇಖೆ ಒಂದೇ ಕಡೆ ನಿಲ್ಲುವಂತಹುದಲ್ಲ. ವರ್ಷಗಳು ಕಳೆದಂತೆ ಮೆಲ್ಲಗೆ ಸರಿಯುತ್ತಿರುತ್ತದೆ. 1960ರ ದಶಕದಲ್ಲಿ ಅದು ತುಂಬಾಕ್ಕೆ ತೀರ ಸಮೀಪದಲ್ಲಿ ಹಾದುಹೋಗುತ್ತಿತ್ತು.

ಆ ರೇಖೆಯ ನೆತ್ತಿಯ ಮೇಲೆ, ಸುಮಾರು 100 ಕಿಲೋಮೀಟರು ಎತ್ತರದಲ್ಲಿ, ಪ್ರಕೃತಿಯ ಒಂದು ವಿಚಿತ್ರವಿದೆ. ಸೂರ್ಯನ ತೀಕ್ಷ್ಣ ಕಿರಣಗಳಿಗೆ ಸಿಕ್ಕಿ ಅಲ್ಲಿನ ತೆಳುವಾದ ಗಾಳಿಯ ಕಣಗಳು ಒಡೆದು ವಿದ್ಯುದಂಶವನ್ನು ಪಡೆಯುತ್ತವೆ. ಹಗಲು ಹೊತ್ತಿನಲ್ಲಿ ಅಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ವಿದ್ಯುತ್ತಿನ ಹೊಳೆಯೊಂದು ಕಿರಿದಾದ ಪಾತ್ರದಲ್ಲಿ ಹರಿಯುತ್ತದೆ. ನೆಲದ ಮೇಲಿನ ಕಾಂತಮಾಪಕಗಳಿಗೆ ಅದರ ಸುಳಿವು ಮಾತ್ರ ಸಿಗುತ್ತದೆ. ಬೆಲೂನುಗಳನ್ನು ಹಾರಿಬಿಟ್ಟರೆ ಅವು ಮೂವತ್ತು, ನಾಲ್ವತ್ತು ಕಿಲೋಮೀಟರಿನಲ್ಲಿಯೇ ನಿಲ್ಲುತ್ತವೆ. ಉಪಗ್ರಹವಾದರೋ ಅಷ್ಟು ತಗ್ಗಿನಲ್ಲಿ ಸುತ್ತಲಾರದು. ಗಾಳಿಯು ಅದನ್ನು ಹಿಡಿದು ಕೆಳಕ್ಕೆಳೆಯುತ್ತದೆ. ಆ ಹೊಳೆಯ ಒಳಹೊಕ್ಕು ನೋಡಬಲ್ಲದ್ದು ರಾಕೆಟ್ಟು ಒಂದೇ. ನೆಟ್ಟಗೆ ಏರಿ, ಕೆಲವೇ ನಿಮಿಷ ಅಳತೆ ಮಾಡಿ, ಸಮುದ್ರಕ್ಕೆ ಬಿದ್ದು ಮುಗಿದುಹೋಗುವ ಈ ಬಗೆಯ ರಾಕೆಟ್ಟಿಗೆ ಸೌಂಡಿಂಗ್ ರಾಕೆಟ್ಟು ಎಂದು ಹೆಸರು. ನಾವಿಕರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ನೀರಿನ ಆಳವನ್ನು ಅಳೆಯುತ್ತಿದ್ದ ಕ್ರಮದಿಂದ ಬಂದ ಹೆಸರಿದು. ನಾವಿಕನು ಕೆಳಗೆ ಇಳಿಬಿಟ್ಟುದನ್ನು ವಿಜ್ಞಾನಿಯು ಮೇಲಕ್ಕೆ ಎಸೆಯುತ್ತಾನೆ, ಅಷ್ಟೇ.

ಈ ವಿಚಾರವನ್ನು ಮನಸ್ಸಿಗೆ ಹಚ್ಚಿಕೊಂಡವರು ವಿಕ್ರಮ ಸಾರಾಭಾಯಿ. 1919ರಲ್ಲಿ ಅಹಮದಾಬಾದಿನ ಶ್ರೀಮಂತ ಗಿರಣಿ ಮಾಲೀಕರ ಮನೆಯಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಓದುತ್ತಿದ್ದವರನ್ನು ಎರಡನೆಯ ಮಹಾಯುದ್ಧವು ಸ್ವದೇಶಕ್ಕೆ ತಂದಿತು. ಯುದ್ಧದ ಆ ವರ್ಷಗಳಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಬಳಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ಮಾಡಿದರು. ಹೋಮಿ ಭಾಭಾ ಅವರೂ ಆಗ ಅದೇ ಸಂಸ್ಥೆಯಲ್ಲಿದ್ದರು. ಮುಂದೆ ಭಾಭಾ ಅವರ ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿಯೇ 1962ರಲ್ಲಿ ಬಾಹ್ಯಾಕಾಶ ಸಂಶೋಧನೆಯ ರಾಷ್ಟ್ರೀಯ ಸಮಿತಿಯೊಂದು ರಚನೆಯಾಯಿತು. ಸಾರಾಭಾಯಿಯವರು ಅದರ ಅಧ್ಯಕ್ಷರಾದರು. ಅವರೂ ಅವರ ಸಹೋದ್ಯೋಗಿ ಚಿಟ್ನಿಸರೂ ಕೇರಳದ ಕರಾವಳಿಯಲ್ಲಿ ತಕ್ಕ ಸ್ಥಳವನ್ನು ಹುಡುಕಿ ತುಂಬಾವನ್ನು ಆರಿಸಿದರು. ರೈಲುದಾರಿಗೂ ಸಮುದ್ರಕ್ಕೂ ನಡುವೆ, ಎರಡೂವರೆ ಕಿಲೋಮೀಟರು ಉದ್ದದ, ಸುಮಾರು 600 ಎಕರೆಯ ನೆಲ.

ಒಂದು ಭಾನುವಾರ

ನೆಲವು ಬರಿದಾಗಿರಲಿಲ್ಲ. ಅಲ್ಲಿ ಮೀನುಗಾರರ ಮನೆಗಳಿದ್ದವು, ಅವುಗಳ ನಡುವೆ ಸಂತ ಮೇರಿ ಮಗ್ದಲೇನಳ ಇಗರ್ಜಿಯಿತ್ತು, ಬಿಷಪ್ಪರ ಮನೆಯಿತ್ತು. ಮಕ್ಕಳಿಗೆ ಹೆಸರಿಡುವುದು, ಮದುವೆಯ ಉಂಗುರ ತೊಡಿಸುವುದು, ಕಡಲಿಗೆ ಹೋಗಿ ಹಿಂತಿರುಗದವರಿಗಾಗಿ ಮೇಣದಬತ್ತಿ ಹಚ್ಚುವುದು, ಎಲ್ಲವೂ ಆ ಇಗರ್ಜಿಯ ಮಾಡಿನ ಕೆಳಗೇ ನಡೆಯತಕ್ಕದ್ದು. ಅಂತಹುದನ್ನು ಬಿಟ್ಟುಕೊಡಿರೆಂದು ಕೇಳುವುದು ಹೇಗೆ?

ಸಾರಾಭಾಯಿಯವರು ತಿರುವನಂತಪುರದ ಬಿಷಪ್ಪರಾದ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡು ಕೇಳಿಯೇಬಿಟ್ಟರು. ಅನಂತರ ನಡೆದುದನ್ನು ಡಾಕ್ಟರ್ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಬರೆದಿಟ್ಟಿದ್ದಾರೆ. ಬಿಷಪ್ಪರು ಆ ದಿನ ಉತ್ತರ ಕೊಡಲಿಲ್ಲ. ಭಾನುವಾರದ ಪ್ರಾರ್ಥನೆಗೆ ಬರುವಂತೆ ಹೇಳಿ ಕಳುಹಿಸಿದರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವರು ನೆರೆದ ಜನರಿಗೆ ವಿಷಯವನ್ನು ಬಿಚ್ಚಿ ಹೇಳಿದರು. ವಿಜ್ಞಾನಿಯು ಅರಸುವ ಸತ್ಯವೂ ಪಾದ್ರಿಯು ಬೇಡುವ ಶಾಂತಿಯೂ ಕೊನೆಗೆ ಮನುಷ್ಯನ ಒಳಿತಿಗಾಗಿಯೇ ಇರುವಂತಹವು ಎಂದು ವಿವರಿಸಿ, ದೇವರ ಈ ಮನೆಯನ್ನು, ಬಿಷಪ್ಪನ ಮನೆಯನ್ನು, ನಿಮ್ಮ ನಿಮ್ಮ ಮನೆಗಳನ್ನು ಒಂದು ದೊಡ್ಡ ಕಾರ್ಯಕ್ಕಾಗಿ ಕೊಡೋಣವೇ ಎಂದು ಕೇಳಿದರು. ಒಂದು ಕ್ಷಣ ಇಗರ್ಜಿಯೊಳಗೆ ಮೌನ ಕವಿಯಿತು. ಬಳಿಕ ಎಲ್ಲರ ಬಾಯಿಂದ ಒಮ್ಮೆಗೇ ‘ಆಮೆನ್’ ಎಂಬ ಉದ್ಗಾರ ಹೊರಟಿತು.

ಮೂರಕ್ಷರದ ಮಾತು. ನುಡಿಯಲು ಅರೆನಿಮಿಷವೂ ಬೇಡ. ಆದರೆ ಮೀನುಗಾರನಿಗೆ ಕಡಲಕರೆಯೆಂದರೆ ಬೇಸಾಯಗಾರನಿಗೆ ಗದ್ದೆಯಿದ್ದಂತೆ. ದೋಣಿಯನ್ನು ಎಳೆದು ನಿಲ್ಲಿಸುವ ಜಾಗ, ಬಲೆ ಒಣಹಾಕುವ ಜಾಗ, ಗಾಳಿಯ ವಾಸನೆಯಿಂದಲೇ ಮೀನಿನ ಬರವನ್ನು ಊಹಿಸುವ ಪಳಗಿದ ನೆಲೆ, ಇವುಗಳಿಗೆ ಪಂಚಾಯಿತಿಯ ಕಾಗದದಲ್ಲಿ ಬೆಲೆ ಕಟ್ಟಲಾಗುವುದಿಲ್ಲ. ರಾಕೆಟ್ಟು ಎಂದರೇನೆಂದು ಕಂಡರಿಯದ ಜನ ಅದಕ್ಕಾಗಿ ನೆಲವನ್ನು ಬಿಟ್ಟುಕೊಟ್ಟು, ಹತ್ತಿರದ ಪಳ್ಳಿತ್ತುರದಲ್ಲಿ ಹೊಸ ಮನೆಗಳನ್ನೂ ಹೊಸ ಇಗರ್ಜಿಯನ್ನೂ ಕಂಡುಕೊಂಡರು.

ತರುಣರ ತಂಡ

ಹಳೆಯ ಇಗರ್ಜಿಯನ್ನು ಕೆಡವಲಿಲ್ಲ. ಕೆಡವಿ ಕಟ್ಟಲು ಹಣವಾಗಲಿ ವೇಳೆಯಾಗಲಿ ಇರಲಿಲ್ಲವೆಂಬುದೂ ಒಂದು ಕಾರಣವಾಗಿರಬಹುದು. ಪ್ರಾರ್ಥನೆಯ ಕೋಣೆ ಕಲಾಂ ಅವರ ಮೊದಲ ಪ್ರಯೋಗಶಾಲೆಯಾಯಿತು. ಬಿಷಪ್ಪರ ಕೋಣೆ ನಕ್ಷೆ ಬರೆಯುವ ಕಚೇರಿಯಾಯಿತು. ಇಗರ್ಜಿಯ ಪಾರಿವಾಳಗಳಿಗೆ ಮಾತ್ರ ಊರು ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ರಾಕೆಟ್ಟಿನ ಭಾಗಗಳನ್ನು ಜೋಡಿಸುತ್ತಿದ್ದವರ ತಲೆಯ ಮೇಲೆ ಅವು ತಮ್ಮ ಸಂಸಾರವನ್ನು ನಿಶ್ಚಿಂತೆಯಿಂದ ನಡೆಸಿಕೊಂಡಿದ್ದವು.

ಕೆಲಸಕ್ಕೆ ಬಂದವರೆಲ್ಲ ಇಪ್ಪತ್ತು, ಮೂವತ್ತರ ವಯಸ್ಸಿನ ತರುಣರು. ರಾಮೇಶ್ವರದ ಕಲಾಂ ಅವರು ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ ‘ನಂದಿ’ ಎಂಬ ಹೆಸರಿನ, ನೆಲಕ್ಕಿಂತ ತುಸು ಮೇಲೆ ಗಾಳಿಯ ಮೆತ್ತೆಯ ಮೇಲೆ ತೇಲುವ ವಾಹನವೊಂದನ್ನು ನಿರ್ಮಿಸಿದ್ದರು. ಅದನ್ನು ನೋಡಿದ ಪ್ರೊಫೆಸರ್ ಎಂ. ಜಿ. ಕೆ. ಮೆನನ್ ಅವರಿಂದಾಗಿ ರಾಕೆಟ್ಟಿನ ಕೆಲಸದ ಸಂದರ್ಶನಕ್ಕೆ ಕರೆ ಬಂದಿತು. ಆರ್. ಅರವಮುದನ್ ಅವರು ಟ್ರಾಂಬೆಯ ಅಣುಶಕ್ತಿ ಕೇಂದ್ರದಿಂದ ಬಂದರು. ಪ್ರಮೋದ ಕಾಳೆಯವರು ಅಹಮದಾಬಾದಿನಿಂದ ಬಂದರು. ಎಚ್. ಜಿ. ಎಸ್. ಮೂರ್ತಿ, ಡಿ. ಈಶ್ವರದಾಸ್ ಮೊದಲಾದವರು ಜೊತೆಗೂಡಿದರು. ಇವರಲ್ಲಿ ಒಬ್ಬರಾದರೂ ಹಿಂದೆ ರಾಕೆಟ್ಟನ್ನು ಹಾರಿಸಿದವರಲ್ಲ. 1963ರಲ್ಲಿ ಅಮೆರಿಕದ ನಾಸಾ ಸಂಸ್ಥೆಗೆ ಹೋಗಿ, ವರ್ಜೀನಿಯಾ ರಾಜ್ಯದ ವ್ಯಾಲಪ್ಸ್ ದ್ವೀಪವೇ ಮೊದಲಾದ ಕಡೆಗಳಲ್ಲಿ ತಿಂಗಳುಗಟ್ಟಲೆ ಇದ್ದು ಆ ವಿದ್ಯೆಯನ್ನು ಕಲಿತು ಬಂದರು.

ವ್ಯಾಲಪ್ಸಿನ ಸ್ವಾಗತ ಕೊಠಡಿಯಲ್ಲಿ ಕಲಾಂ ಅವರ ಕಣ್ಣಿಗೆ ಒಂದು ವರ್ಣಚಿತ್ರ ಬಿದ್ದಿತು. ಕಪ್ಪು ಮೈಬಣ್ಣದ ಸೈನಿಕರು ರಾಕೆಟ್ಟುಗಳನ್ನು ಹಾರಿಸುತ್ತಿರುವ ಯುದ್ಧದ ದೃಶ್ಯ. ಹತ್ತಿರ ಹೋಗಿ ನೋಡಿದರೆ ಅದು ಟಿಪ್ಪು ಸುಲ್ತಾನನ ಸೈನ್ಯವು ಇಂಗ್ಲಿಷರನ್ನು ಎದುರಿಸಿದ ಚಿತ್ರ! ಮೈಸೂರಿನ ಬಾಣಗಳ ವಿಶೇಷವಿದ್ದುದು ಅವುಗಳ ಕಬ್ಬಿಣದ ಕೊಳವೆಯಲ್ಲಿ. ಕಾಗದದ ಅಥವಾ ಬಿದಿರಿನ ಕೊಳವೆ ತಾಳದಷ್ಟು ಒತ್ತಡವನ್ನು ಕಬ್ಬಿಣವು ತಾಳುತ್ತಿದ್ದುದರಿಂದ ಮದ್ದನ್ನು ಬಿಗಿಯಾಗಿ ತುಂಬಬಹುದಾಗಿತ್ತು. ಬಾಣವು ಹೆಚ್ಚು ದೂರ ಹೋಗುತ್ತಿತ್ತು. 1780ರ ಪೊಳ್ಳಿಲೂರು ಕಾಳಗದಲ್ಲಿ ಅವುಗಳ ಪೆಟ್ಟನ್ನು ಕಂಡಿದ್ದ ಇಂಗ್ಲಿಷರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಣಗಳನ್ನು ತಮ್ಮ ದೇಶಕ್ಕೆ ಸಾಗಿಸಿದರು. ವಿಲಿಯಂ ಕಾಂಗ್ರೀವನು ಅವುಗಳನ್ನು ಮುಂದಿಟ್ಟುಕೊಂಡೇ ತನ್ನ ರಾಕೆಟ್ಟುಗಳನ್ನು ರೂಪಿಸಿದನು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರ ಕೆಸರನ್ನು ತೆಗೆದಾಗ ಇಂತಹ ಕಬ್ಬಿಣದ ಬಾಣಗಳು ಸಾವಿರಕ್ಕೂ ಮಿಕ್ಕಿ ಸಿಕ್ಕಿದವು. ತವರಿನಲ್ಲಿ ಬಾವಿಯ ಪಾಲಾದ ವಿದ್ಯೆಗೆ ಸಾವಿರಾರು ಮೈಲಿ ದೂರದ ಗೋಡೆಯ ಮೇಲೆ ಗೌರವ ದೊರೆತುದನ್ನು ಕಂಡು ತರುಣ ಇಂಜಿನಿಯರಿಗೆ ಹೆಮ್ಮೆಯಾದುದರಲ್ಲಿ ಆಶ್ಚರ್ಯವಿಲ್ಲ.

ತುಂಬಾಕ್ಕೆ ಮರಳಿದ ಮೇಲೆ ಅವರ ದಿನಚರಿ ಬಡ ಮೇಷ್ಟರದಕ್ಕಿಂತ ಮೇಲಾಗೇನೂ ಇರಲಿಲ್ಲ. ವಾಸ ತಿರುವನಂತಪುರದ ಲಾಡ್ಜಿನಲ್ಲಿ. ಬೆಳಗಾದರೆ ರೈಲ್ವೆ ನಿಲ್ದಾಣದ ಉಪಾಹಾರ ಗೃಹದಲ್ಲಿ ಊಟದ ಪೊಟ್ಟಣವನ್ನು ಕಟ್ಟಿಸಿಕೊಂಡು ಬಸ್ಸು ಹತ್ತಬೇಕು. ತುಂಬಾದಲ್ಲಿ ಊಟದ ಮನೆಯಿರಲಿಲ್ಲ.

ಕಿತ್ತಳೆ ಬಣ್ಣದ ಮುಗಿಲು

ನವೆಂಬರ್ 21 ಬಂದಿತು. ಅಂದು ಹಾರಬೇಕಾಗಿದ್ದುದು ಅಮೆರಿಕ ಕೊಟ್ಟಿದ್ದ ‘ನೈಕ್ ಅಪಾಚೆ’ ಎಂಬ ಎರಡು ಹಂತದ ರಾಕೆಟ್ಟು. ತೂಕ ಸುಮಾರು 700 ಕಿಲೋ. ಕೆಳಗಿನ ಹಂತವಾದ ‘ನೈಕ್’ ಮೊದಲು ವಿಮಾನಗಳನ್ನು ಹೊಡೆದುರುಳಿಸುವ ಕ್ಷಿಪಣಿಗಾಗಿ ತಯಾರಾದುದು. ಯುದ್ಧಕ್ಕೆಂದು ಹುಟ್ಟಿದ ಯಂತ್ರವು ವಿಜ್ಞಾನದ ಚಾಕರಿಗೆ ಬಂದಿತ್ತು. ತುದಿಯಲ್ಲಿದ್ದ ಸೋಡಿಯಂ ಫ್ರಾನ್ಸಿನದು.

ರಾಕೆಟ್ಟನ್ನು ಲಾರಿಯ ಮೇಲೆ ತಂದದ್ದಾಯಿತು. ಕ್ರೇನಿನಿಂದ ಎತ್ತಿ ಹಾರುಮಣೆಯ ಮೇಲೆ ಇರಿಸಬೇಕೆನ್ನುವಷ್ಟರಲ್ಲಿ ಅದು ಒಂದು ಕಡೆಗೆ ವಾಲತೊಡಗಿತು. ಕ್ರೇನಿನ ಎಣ್ಣೆ ಸೋರುತ್ತಿತ್ತು! ಹೊತ್ತು ಮುಳುಗುವ ಸಮಯ ಹತ್ತಿರವಾಗಿದ್ದಿತು, ದುರಸ್ತಿಗೆ ವೇಳೆಯಿಲ್ಲ. ಆ ಹೊತ್ತು ತಪ್ಪಿದರೆ ಪ್ರಯೋಗವೇ ಇಲ್ಲ. ಅಲ್ಲಿದ್ದವರೆಲ್ಲ ಹೆಗಲು ಕೊಟ್ಟು, ತೋಳ್ಬಲದಿಂದಲೇ ಅದನ್ನು ಎತ್ತಿ ಕೂರಿಸಿದರು. ಜೋಡಣೆ ಮತ್ತು ಸುರಕ್ಷತೆಯ ಹೊಣೆ ಕಲಾಂ ಅವರದು. ರೆಡಾರು, ದೂರಮಾಪನಗಳು ಅರವಮುದನ್ ಅವರವು. ಹಾರಿಸುವ ಏರ್ಪಾಟು ಈಶ್ವರದಾಸರದು.

ಸಂಜೆ 6 ಗಂಟೆ 25 ನಿಮಿಷಕ್ಕೆ ರಾಕೆಟ್ಟು ಗರ್ಜಿಸಿ ಮೇಲೆದ್ದಿತು. ‘ನೈಕ್’ ಕೆಲವೇ ಸೆಕೆಂಡು ಉರಿದು ಕಳಚಿಕೊಂಡಿತು. ‘ಅಪಾಚೆ’ ಮುಂದಕ್ಕೆ ಹೋಯಿತು. ನೆಲದ ಮೇಲೆ ಮಬ್ಬು ಕವಿಯುತ್ತಿದ್ದರೂ ಅಷ್ಟು ಎತ್ತರದಲ್ಲಿ ಬಿಸಿಲು ಇನ್ನೂ ಆರಿರಲಿಲ್ಲ. ಸಂಜೆಯ ಹೊತ್ತನ್ನೇ ಆರಿಸಿದ ಗುಟ್ಟು ಇದು. ಕಾದ ಸೋಡಿಯಂ ಆವಿಯಾಗಿ ಹೊರಚೆಲ್ಲಿ, ಸೂರ್ಯನ ಬೆಳಕನ್ನು ಹೀರಿ, ಕತ್ತಲಾಗುತ್ತಿದ್ದ ಆಕಾಶದಲ್ಲಿ ಕಿತ್ತಳೆ ಬಣ್ಣದ ಮುಗಿಲಾಗಿ ಬೆಳಗಿತು. ಮೇಲಿನ ಗಾಳಿಗೆ ಸಿಕ್ಕಿ ಆ ಮುಗಿಲು ಹೇಗೆ ತಿರುಚಿಕೊಳ್ಳುತ್ತದೆಂಬುದನ್ನು ಬೇರೆ ಬೇರೆ ಊರುಗಳಲ್ಲಿಟ್ಟ ಕ್ಯಾಮರಾಗಳು ಚಿತ್ರಿಸಿಕೊಂಡರೆ, ಆ ಎತ್ತರದ ಗಾಳಿಯ ವೇಗವೂ ದಿಕ್ಕೂ ಗೊತ್ತಾಗುತ್ತಿತ್ತು. ಏನೂ ಅರಿಯದ ಜನರು ಹಾದಿಬೀದಿಗಳಲ್ಲಿ ನಿಂತು ಮುಖವೆತ್ತಿ ಆ ಬಣ್ಣವನ್ನು ನೋಡಿದರು.

ಮರುದಿನವೇ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಹತ್ಯೆಯಾಯಿತು. ಲೋಕದ ಪತ್ರಿಕೆಗಳಲ್ಲಿ ತುಂಬಾದ ಸುದ್ದಿಗೆ ಹೆಚ್ಚು ಜಾಗ ಉಳಿಯಲಿಲ್ಲ.

ಬೆವರಿನ ಹನಿ

ಪರದೇಶದ ರಾಕೆಟ್ಟನ್ನು ಹಾರಿಸುವುದರಲ್ಲಿಯೇ ತೃಪ್ತರಾಗಬಾರದೆಂಬುದು ಸಾರಾಭಾಯಿಯವರ ನಿಶ್ಚಯ. ಹೊಟ್ಟೆಗಿಲ್ಲದ ದೇಶಕ್ಕೆ ರಾಕೆಟ್ಟಿನ ಹುಚ್ಚೇಕೆ ಎಂದು ಕೇಳಿದವರು ಆಗ ಹಲವರಿದ್ದರು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸುವ ಸ್ಪರ್ಧೆ ಭಾರತಕ್ಕೆ ಬೇಡ. ಮಳೆ ಗಾಳಿಗಳ ಮುನ್ಸೂಚನೆ, ಹಳ್ಳಿಯ ಶಾಲೆಗೆ ಪಾಠ, ದೂರದ ಊರಿಗೆ ಸುದ್ದಿ, ಇವು ಆಗಸದಿಂದ ದೊರೆಯುವಂತಾಗಬೇಕು ಎಂಬುದು ಅವರ ಉತ್ತರದ ಸಾರ. ಆ ಉತ್ತರ ನಿಜವೋ ಸುಳ್ಳೋ ಎಂಬುದು ಇಗರ್ಜಿಯೊಳಗಿನ ತರುಣರ ದುಡಿಮೆಯ ಮೇಲೆ ನಿಂತಿತ್ತು. ಪಳ್ಳಿತ್ತುರದವರ ತ್ಯಾಗವು ಸಾರ್ಥಕವಾಗುವುದೂ ಬಿಡುವುದೂ ಅದರ ಮೇಲೆಯೇ ನಿಂತಿತ್ತು.

ದುಡಿಮೆಯಲ್ಲಿ ಅಪಾಯವೂ ಇತ್ತು. ಕಲಾಂ ಅವರ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಸೆಕೆಯ ಒಂದು ದಿನ ಅವರೂ ಸಹೋದ್ಯೋಗಿ ಸುಧಾಕರ್ ಅವರೂ ಸೋಡಿಯಂ ಮತ್ತು ಥರ್ಮೈಟಿನ ಮಿಶ್ರಣವನ್ನು ತುಂಬಿಸಿ ಅದನ್ನು ಪರೀಕ್ಷಿಸಲೆಂದು ಕೋಣೆಯೊಳಕ್ಕೆ ಹೋದರು. ಸುಧಾಕರರ ಹಣೆಯಿಂದ ಬೆವರಿನ ಒಂದು ಹನಿ ಜಾರಿ ಸೋಡಿಯಂ ಮೇಲೆ ಬಿದ್ದಿತು. ನೀರು ತಾಕಿದರೆ ಸೋಡಿಯಂ ಸಿಡಿಯುತ್ತದೆ. ಸ್ಫೋಟವಾಗಿ ಕೋಣೆಗೆ ಬೆಂಕಿ ಹತ್ತಿತು. ನೀರೆರಚಿ ಆರಿಸುವ ಬೆಂಕಿಯೂ ಅದಲ್ಲ. ಸುಧಾಕರರು ಧೃತಿಗೆಡದೆ ಬರಿಗೈಯಿಂದ ಕಿಟಕಿಯ ಗಾಜನ್ನು ಒಡೆದು, ಕಲಾಂ ಅವರನ್ನು ಮೊದಲು ಹೊರಕ್ಕೆ ನೂಕಿ, ಆಮೇಲೆ ತಾವು ಹಾರಿಕೊಂಡರು. ಸುಟ್ಟ ಗಾಯಗಳಿಂದ ಅವರು ಅನೇಕ ವಾರ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಒಂದು ಹನಿ ಬೆವರು ಅಂದು ಇನ್ನೊಂದು ಬಗೆಯಾಗಿ ಬಿದ್ದಿದ್ದರೆ ಮುಂದಿನ ಎಷ್ಟೋ ಅಧ್ಯಾಯಗಳು ಬೇರೆಯಾಗುತ್ತಿದ್ದವು.

ಸೌಕರ್ಯಗಳ ಕೊರತೆಗೆ ಸಾಕ್ಷಿ ಬೇಕೆನ್ನುವವರಿಗೆ ಫ್ರಾನ್ಸಿನ ಪ್ರಸಿದ್ಧ ಛಾಯಾಚಿತ್ರಕಾರ ಆನ್ರಿ ಕಾರ್ತಿಯೇ ಬ್ರೆಸ್ಸಾನ್ ಅವರು 1966ರಲ್ಲಿ ತೆಗೆದ ಚಿತ್ರವೊಂದು ಉಂಟು. ರಾಕೆಟ್ಟಿನ ಮೂತಿಯ ಭಾಗವನ್ನು ಸೈಕಲ್ಲಿನ ಹಿಂಬದಿಯ ಮೇಲಿಟ್ಟುಕೊಂಡು, ಇಂಜಿನಿಯರ್ ಸಿ. ಆರ್. ಸತ್ಯ ಅವರೂ ಸಹಾಯಕರೊಬ್ಬರೂ ನಡೆದು ಹೋಗುತ್ತಿರುವ ಚಿತ್ರ. ಹಾಲಿನ ಕ್ಯಾನು ಸಾಗಿಸುವವನ ಸೈಕಲ್ಲಿಗೂ ಅದಕ್ಕೂ ಏನೇನೂ ಭೇದವಿಲ್ಲ. ನೋಡಿದವರಿಗೆ ನಗು ಬಂದೀತು. ಎರಡನೆಯ ಬಾರಿ ನೋಡಿದರೆ ನಗು ನಿಂತೀತು.

1967ರ ನವೆಂಬರ್ 20ರಂದು, ಮೊದಲ ಹಾರಾಟಕ್ಕೆ ಸರಿಯಾಗಿ ನಾಲ್ಕು ವರ್ಷ ತುಂಬುವ ಮುನ್ನಾದಿನ, ಭಾರತದಲ್ಲಿಯೇ ತಯಾರಾದ ‘ರೋಹಿಣಿ 75’ ಹಾರಿತು. 75 ಮಿಲಿಮೀಟರು ಅಗಲದ, ಬಾಳೆಯ ದಿಂಡಿಗಿಂತ ಸಪೂರವಾದ ಕೊಳವೆ ಅದು. ಏರಿದ್ದು ಹತ್ತು ಕಿಲೋಮೀಟರಿನಷ್ಟು. ಹಿಂದೆ ಹಾರಿದ್ದ ಪರದೇಶದ ರಾಕೆಟ್ಟಿನ ಮುಂದೆ ಅದು ಗುಬ್ಬಚ್ಚಿ. ಆದರೆ ಅದು ಸ್ವಂತ ಗೂಡಿನ ಗುಬ್ಬಚ್ಚಿ. ಬ್ರಿಟನ್ನಿನಿಂದ ಮರಳಿದ ವಸಂತ ಗೋವಾರೀಕರರು ಘನ ಇಂಧನದ ತಯಾರಿಕೆಗೆ ಕೈಹಚ್ಚಿದರು. ವೇಳಿಯ ಗುಡ್ಡದ ಮೇಲೆ ಹೊಸ ಪ್ರಯೋಗಶಾಲೆಗಳು ಎದ್ದವು. 1968ರ ಫೆಬ್ರವರಿ 2ರಂದು ಪ್ರಧಾನಿ ಇಂದಿರಾ ಗಾಂಧಿಯವರು ತುಂಬಾದ ಉಡಾವಣಾ ಕೇಂದ್ರವನ್ನು ವಿಶ್ವಸಂಸ್ಥೆಗೆ ಅರ್ಪಿಸಿದರು. ಅಮೆರಿಕ, ರಷ್ಯಾ, ಫ್ರಾನ್ಸ್ ದೇಶಗಳ ವಿಜ್ಞಾನಿಗಳು ಅದೇ ಮರಳಿನ ಮೇಲೆ ಭಾರತೀಯರೊಡನೆ ಕೆಲಸ ಮಾಡಿದರು. ಹೊರಗೆ ಶೀತಲ ಯುದ್ಧ ನಡೆದಿದ್ದ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ.

1971ರ ಡಿಸೆಂಬರ್ 30ರಂದು, ತುಂಬಾಕ್ಕೆ ಬಹು ದೂರವಲ್ಲದ ಕೋವಳಂನಲ್ಲಿ, ಐವತ್ತೆರಡರ ವಯಸ್ಸಿನ ಸಾರಾಭಾಯಿಯವರು ನಿದ್ರೆಯಲ್ಲಿಯೇ ತೀರಿಕೊಂಡರು. ಅವರು ಬಿತ್ತಿದುದರ ಬೆಳೆಯನ್ನು ಉಳಿದವರು ಕಂಡರು. ಸಾರಾಭಾಯಿಯವರ ಶಿಷ್ಯರೂ ಉಡುಪಿಯ ಬಳಿಯ ಅದಮಾರಿನವರೂ ಆದ ಪ್ರೊಫೆಸರ್ ಯು. ಆರ್. ರಾವ್ ಅವರ ಮುಂದಾಳ್ತನದಲ್ಲಿ, ಬೆಂಗಳೂರಿನ ಪೀಣ್ಯದ ತಗಡಿನ ಶೆಡ್ಡುಗಳಲ್ಲಿ ‘ಆರ್ಯಭಟ’ ಉಪಗ್ರಹ ರೂಪುಗೊಂಡು, 1975ರಲ್ಲಿ ರಷ್ಯಾದ ರಾಕೆಟ್ಟಿನಲ್ಲಿ ಮೇಲೇರಿತು. ತುಂಬಾದ ತಂಡ ಕಟ್ಟಿದ ‘ಎಸ್. ಎಲ್. ವಿ. 3’ ರಾಕೆಟ್ಟು 1979ರಲ್ಲಿ ಸಮುದ್ರಕ್ಕೆ ಬಿದ್ದು, 1980ರ ಜುಲೈ 18ರಂದು ಶ್ರೀಹರಿಕೋಟೆಯಿಂದ ಏರಿ ಭಾರತದ್ದೇ ಉಪಗ್ರಹವನ್ನು ಕಕ್ಷೆಯಲ್ಲಿ ಇರಿಸಿತು.

ಋಣ

ತುಂಬಾದ ಕಡಲಕರೆಯಿಂದ ಇದುವರೆಗೆ ಎರಡು ಸಾವಿರಕ್ಕೂ ಹೆಚ್ಚು ಸಂಶೋಧನಾ ರಾಕೆಟ್ಟುಗಳು ಹಾರಿವೆ. ಹಳೆಯ ಇಗರ್ಜಿಯು ಈಗ ಬಾಹ್ಯಾಕಾಶದ ವಸ್ತುಸಂಗ್ರಹಾಲಯ. ರಜೆಯಲ್ಲಿ ಕೇರಳಕ್ಕೆ ಹೋದ ಸಂಸಾರಗಳು ಪದ್ಮನಾಭನ ದರ್ಶನ ಮುಗಿಸಿ, ಮಕ್ಕಳ ಕೈಹಿಡಿದು ಅಲ್ಲಿಗೂ ಹೋಗುತ್ತವೆ. ಹೊಸ್ತಿಲನ್ನು ದಾಟಿದರೆ ದಪ್ಪ ಗೋಡೆಗಳ ತಂಪು. ಹಿಂದೆ ಭಕ್ತರು ಮೊಣಕಾಲೂರಿದ್ದ ಕಡೆ ರಾಕೆಟ್ಟುಗಳ, ಉಪಗ್ರಹಗಳ ಮಾದರಿಗಳು. ಅಲ್ಲಿಗೆ ಬಂದವರು ತಾವಾಗಿಯೇ ದನಿ ತಗ್ಗಿಸಿ ಮಾತನಾಡುತ್ತಾರೆ. ಕಟ್ಟಡವು ತನ್ನ ಹಳೆಯ ಸ್ವಭಾವವನ್ನು ಮರೆತಿಲ್ಲ.

ಚಂಡಮಾರುತದ ಮುನ್ಸೂಚನೆಯು ಉಪಗ್ರಹದಿಂದ ಬಂದು ಮೀನುಗಾರರ ದೋಣಿಗಳು ಹೊತ್ತಿಗೆ ಸರಿಯಾಗಿ ದಡ ಸೇರಿದ ದಿನ, ಆ ಭಾನುವಾರದ ‘ಆಮೆನ್’ಗೆ ಸ್ವಲ್ಪ ಮಟ್ಟಿನ ಉತ್ತರ ದೊರೆತಂತಾಯಿತು ಎನ್ನಬಹುದು. ಪೂರ್ತಿ ಉತ್ತರವೆಂದು ಹೇಳಲಾಗದು. ಕಡಲ ಕೊರೆತ, ಬಡತನ, ಮೀನಿನ ಬರ ಇವು ಕೇರಳದ ತೀರದ ಬೆಸ್ತರನ್ನು ಬಿಟ್ಟುಹೋಗಿಲ್ಲ. ಕೊಟ್ಟವರು ಮರೆತರೂ ಪಡೆದವರು ಮರೆಯಬಾರದೆಂಬುದು ಋಣದ ನಿಯಮ.

ತುಂಬಾವನ್ನು ನೋಡಲು ಹೋದವರು ಇಗರ್ಜಿಯೊಳಗಿನ ಮಾದರಿಗಳನ್ನು ನೋಡಿದರೆ ಯಾತ್ರೆ ಅರ್ಧವಾಯಿತು. ಹೊರಗೆ ಬಂದು ಪಳ್ಳಿತ್ತುರದ ದಾರಿ ಹಿಡಿದು, ಬಲೆ ಹೊಸೆಯುವ ಮುದುಕರ ಬಳಿ ಎರಡು ಮಾತನಾಡಿ, ಬದಿಯ ಮರಳಿನಲ್ಲಿ ತುಂಬೆಯ ಹೂವು ಇನ್ನೂ ಅರಳುತ್ತಿದೆಯೇ ಎಂದು ನೋಡಿ ಬಂದರೆ ಅದು ಪೂರ್ಣವಾಗುತ್ತದೆ.